ಮೇಲ್ ಪ್ರೋಗ್ರಾಂನ ಪಾಸ್‌ವರ್ಡ್‌ಗೆ ಕೀಲಿ ಹಾಕಿಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಬೇಳೆ ಅಂಗಡಿಯ ಲೆಕ್ಕ ಬರೆಯುವವನು. ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್. ಬಿಲ್ಲು ಅದರಲ್ಲೇ, ಜಿಎಸ್‌ಟಿ ಅದರಲ್ಲೇ, ಚೆನ್ನೈ, ಹೈದರಾಬಾದ್ ಕಡೆಯ ಖರೀದಿದಾರರ ಮೇಲ್ ಬರುವುದೂ ಅದಕ್ಕೇ. ನಾನು ಕೂರುತ್ತೇನೆ, ಸಾವ್ಕಾರರ ಮಗ ಕೂರುತ್ತಾನೆ. ಸಂಜೆ ಹಮಾಲರ ಮಕ್ಕಳು ಬಂದು ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ ಪ್ರಿಂಟ್ ತೆಗೆದುಕೊಳ್ಳುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ, ಅನ್ನಲೂಬಾರದು.

ಕಳೆದ ತೊಗರಿ ಸುಗ್ಗಿಯಲ್ಲಿ ಪಿಯುಸಿ ಓದುವ ಒಬ್ಬ ಹುಡುಗ ಪ್ರಿಂಟ್‌ಗೆಂದು ಬಂದ. ತುಂಬಾ ಚುರುಕು. ನಮ್ಮ ಮೇಲ್ ಪ್ರೋಗ್ರಾಂನ ಸೆಟ್ಟಿಂಗ್ಸ್ ಒಳಗೆ ಸುಮ್ನೆ ನೋಡುತ್ತಾ ಹೋದ. ಐದು ನಿಮಿಷಕ್ಕೆ ನನ್ನನ್ನು ಕರೆದ: "ಕಾಕಾ, ನಿಮ್ಮ ಪಾಸ್‌ವರ್ಡ್ ಇಲ್ಲಿ ಕಾಣ್ಲತ್ತದ ನೋಡ್ರಿ." ಹೋಗಿ ನೋಡಿದೆ. ಚುಕ್ಕೆಗಳಲ್ಲ, ಅಕ್ಷರಕ್ಕೆ ಅಕ್ಷರ ಪೂರ್ತಿ ಪಾಸ್‌ವರ್ಡ್. ಅವನು ಏನನ್ನೂ ಮುರಿದಿರಲಿಲ್ಲ. ಅಲ್ಲಿದ್ದ ಒಂದು ಬಟನ್ ಒತ್ತಿದ್ದ, ಅಷ್ಟೇ. ಒಳ್ಳೆಯ ಹುಡುಗ, ಹಾಗಾಗಿ ಹೇಳಿದ. ಹೇಳದವನು ಕೂತಿದ್ದರೆ?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಪಾಸ್‌ವರ್ಡ್‌ನ್ನು ಇನ್ನೂ ಮೂರು ಕಡೆ ಇಟ್ಟಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಮೇಲ್‌ನ ಪಾಸ್‌ವರ್ಡ್ ಒಂದೇ ಹೋದರೂ ಸಾಕು, ಉಳಿದವು ತಾವಾಗಿ ಹೋಗುತ್ತವೆ. ಯಾವ ಖಾತೆಯಲ್ಲಿ 'ಪಾಸ್‌ವರ್ಡ್ ಮರೆತಿದ್ದೀರಾ' ಎಂದು ಒತ್ತಿದರೂ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಸಾಮಾನ್ಯವಾಗಿ ಮೇಲ್‌ಗೇ ಅಲ್ವಾ? ವ್ಯಾಪಾರದವರಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮೇಲ್ ಒಳಗೆ ಹೊಕ್ಕವನು ಗಲಾಟೆ ಮಾಡುವುದಿಲ್ಲ. ಸುಮ್ಮನೆ ಕೂತು ಬಿಲ್ಲುಗಳನ್ನು ಓದುತ್ತಾನೆ. ಲೋಡ್ ಹೊರಟ ದಿನ ನೋಡಿ, ನಮ್ಮ ವಿಳಾಸದಿಂದಲೇ ಖರೀದಿದಾರರಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ" ಎಂದು ಬರೆಯುತ್ತಾನೆ. ಒಂದು ಲಾರಿ ಬೇಳೆಯ ಹಣ ಹಾಗೆ ಹೋದರೆ ಸಣ್ಣ ಅಂಗಡಿ ಮತ್ತೆ ಏಳುವುದು ಕಷ್ಟ. ದೇವರ ದಯೆ, ನಮಗೆ ಹಾಗಾಗಲಿಲ್ಲ.

ಪ್ರೋಗ್ರಾಂ ಪಾಸ್‌ವರ್ಡ್ ಇಟ್ಟುಕೊಳ್ಳುವುದಾದರೂ ಯಾಕೆ ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮ ಮೇಲ್ ಇಟ್ಟುಕೊಳ್ಳುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್‌ಗೆ, ನಮ್ಮ ಪಾಸ್‌ವರ್ಡ್ ಇದ್ದಂತೆಯೇ ಬೇಕಾಗಿಲ್ಲ. ಮತ್ತೆ ಬಿಡಿಸಲಾಗದ ಹಾಗೆ ಕಲಸಿ ಇಟ್ಟು, ನಾವು ಹೇಳಿದ್ದು ಅದಕ್ಕೆ ಹೊಂದುತ್ತದೋ ಇಲ್ಲವೋ ನೋಡಿದರೆ ಸಾಕು. ನಮ್ಮ ಕಂಪ್ಯೂಟರಿನ ಪ್ರೋಗ್ರಾಂಗೆ ಆ ಅನುಕೂಲ ಇಲ್ಲ. ಪ್ರತಿ ಸಲ ಮೇಲ್ ತರಲು ಹೋದಾಗ ಅದು ಅಸಲು ಪಾಸ್‌ವರ್ಡ್‌ನ್ನೇ ಹೇಳಬೇಕು. ಹಾಗಾಗಿ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತದೆ. ಆದರೆ ಕೀಲಿಕೈಯನ್ನೂ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟರೆ, ಮನೆಗೆ ಕೀಲಿ ಹಾಕಿ ಕೀಲಿಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟ ಹಾಗೆ. ಓಣಿಯವರಿಗೆಲ್ಲ ಗೊತ್ತು.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಉದಾಹರಣೆಗೆ ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಎಂಬ ಸೌಲಭ್ಯ ಇದೆ. ಒಳಗಿರುವ ಎಲ್ಲಾ ಪಾಸ್‌ವರ್ಡ್‌ಗಳಿಗೂ ಅದೊಂದು ಕೀಲಿ. ಆದರೆ ಅದು ತಾನಾಗಿ ಆನ್ ಆಗಿರುವುದಿಲ್ಲ. ನಾವೇ ಹುಡುಕಿ ಹಾಕಿಕೊಳ್ಳಬೇಕು. ಇಂಥದ್ದೊಂದು ಇದೆ ಎಂದೇ ಗೊತ್ತಿಲ್ಲದವರು ಹುಡುಕುವುದು ಹೇಗೆ?

ಆದ್ದರಿಂದ ಮೇಲ್ ಪ್ರೋಗ್ರಾಂ ಮಾಡುವವರೆಲ್ಲರಿಗೂ ನನ್ನ ಕೋರಿಕೆ ಇದು. ಮೊದಲ ಸಲ ಖಾತೆ ಸೇರಿಸುವಾಗಲೇ ಒಂದು ಪ್ರಶ್ನೆ ಕೇಳಿ: "ಈ ಕಂಪ್ಯೂಟರ್ ನೀವೊಬ್ಬರೇ ಬಳಸುತ್ತೀರಾ, ಬೇರೆಯವರೂ ಬಳಸುತ್ತಾರಾ?" ಬೇರೆಯವರೂ ಬಳಸುತ್ತಾರೆ ಎಂದರೆ, ಕೀಲಿ ಹಾಕದೆ ಪಾಸ್‌ವರ್ಡ್ ಉಳಿಸಲು ಬಿಡಬೇಡಿ. ಈ ಪ್ರಶ್ನೆ ಕನ್ನಡದಲ್ಲಿರಲಿ. ಅದೂ ನಾವು ಆಡುವ ಕನ್ನಡದಲ್ಲಿ. 'ಪ್ರಾಥಮಿಕ ಗುಪ್ತಪದ' ಎಂದು ಬರೆದರೆ ಗಂಜಿನಲ್ಲಿ ಯಾರಿಗೂ ತಿಳಿಯದು. 'ಪಾಸ್‌ವರ್ಡ್‌ಗಳಿಗೆ ಕೀಲಿ' ಎಂದು ಬರೆಯಿರಿ, ನಮ್ಮ ತೂಕದ ಅಣ್ಣನಿಗೂ ತಿಳಿಯುತ್ತದೆ. ಇನ್ನೊಂದು ವಿಷಯ. ಈಗ ಕೀಲಿ ಹಾಕಿಕೊಂಡರೂ ಪ್ರೋಗ್ರಾಂ ತೆರೆದ ಕೂಡಲೇ ಒಮ್ಮೆ ಕೇಳುತ್ತದೆ. ಆಮೇಲೆ ಸಂಜೆವರೆಗೂ ತೆರೆದೇ ಇರುತ್ತದೆ. ನಾನು ಚಹಾಕ್ಕೆ ಎದ್ದು ಹೋದಾಗ ಅದು ತಾನೇ ಮುಚ್ಚಿಕೊಳ್ಳಬೇಕು.

ಜಿಮೇಲ್ ಬಳಸುವವರಿಗೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ಬರೀ ಪಾಸ್‌ವರ್ಡ್ ಕೊಟ್ಟು ಹೊರಗಿನ ಪ್ರೋಗ್ರಾಂನಿಂದ ಒಳಗೆ ಹೋಗುವುದನ್ನು ಗೂಗಲ್ 2022ರ ಮೇ ಕೊನೆಯಿಂದ ಸಾಮಾನ್ಯ ಖಾತೆಗಳಿಗೆ ನಿಲ್ಲಿಸಿತು. ಈಗ ಗೂಗಲ್‌ನ ಪುಟದಲ್ಲೇ ಲಾಗಿನ್ ಆದರೆ ಪ್ರೋಗ್ರಾಂಗೆ ಒಂದು ಟೋಕನ್, ಅಂದರೆ ಪಾಸ್‌ವರ್ಡ್ ಬದಲು ತೋರಿಸುವ ಚೀಟಿ, ಸಿಗುತ್ತದೆ. ಅಸಲು ಪಾಸ್‌ವರ್ಡ್ ಅದರ ಕೈಗೆ ಹೋಗುವುದೇ ಇಲ್ಲ. ಅನುಮಾನ ಬಂದರೆ ಫೋನಿನಿಂದಲೇ ಆ ಪ್ರೋಗ್ರಾಂನ ಅನುಮತಿ ಕಿತ್ತುಹಾಕಬಹುದು. ಆದರೆ ಅಂಗಡಿಯ ಸ್ವಂತ ಹೆಸರಿನಲ್ಲಿ ಸಣ್ಣ ಕಂಪನಿಗಳಿಂದ ಮೇಲ್ ಕೊಂಡವರಲ್ಲಿ ಎಷ್ಟೋ ಜನ ಇನ್ನೂ ಹಳೆಯ ರೀತಿಯಲ್ಲೇ ಇದ್ದಾರೆ. ಅವರು ತಮ್ಮ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ (ಮೇಲ್ ಬರುವ ಬಾಗಿಲಿನ ಸಂಖ್ಯೆ) ಎಂಬಲ್ಲಿ, ದಾರಿಗೂ ಕೀಲಿ ಇರುವ 993 ಅಥವಾ 995 ಇದೆಯೇ ನೋಡಲಿ. 143 ಅಥವಾ 110 ಇದ್ದು, ಪಕ್ಕದಲ್ಲಿ ಸೆಕ್ಯುರಿಟಿ 'None' (ಯಾವುದೂ ಇಲ್ಲ) ಎಂದಿದ್ದರೆ ಪಾಸ್‌ವರ್ಡ್ ದಾರಿಯುದ್ದಕ್ಕೂ ಬಯಲಲ್ಲೇ ಹೋಗುತ್ತಿರಬಹುದು.

ನಾವು ಬಳಸುವವರೂ ಬದಲಾಗಬೇಕು. ನಮ್ಮ ಊರಿನಲ್ಲಿ ಎಷ್ಟೋ ಜನ ಶರಣಬಸವೇಶ್ವರರ ಹೆಸರು ಬರೆದು ಮುಂದೆ 123 ಹಾಕುತ್ತಾರೆ. ಭಕ್ತಿ ಇರಲಿ, ಪಾಸ್‌ವರ್ಡ್ ಬೇರೆ ಇರಲಿ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿದರೆ ನೆನಪಿಡುವುದು ಸುಲಭ, ಊಹಿಸುವುದು ಕಷ್ಟ. ತಿಂಗಳಿಗೊಮ್ಮೆ ಬದಲಿಸಿ ಎಂದು ಒತ್ತಾಯಿಸುವ ಕಚೇರಿಗಳಿಗೂ ಒಂದು ಮಾತು. ಸುಮ್ನೆ ಅವಧಿ ಇಟ್ಟು ಬದಲಿಸಿ ಎನ್ನಬೇಡಿ, ಸೋರಿಕೆಯಾದ ಸುಳಿವು ಸಿಕ್ಕಾಗ ಬದಲಿಸಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಒತ್ತಾಯ ಜಾಸ್ತಿಯಾದರೆ ಜನ ಪಾಸ್‌ವರ್ಡ್‌ನ್ನು ಕ್ಯಾಲೆಂಡರ್ ಮೇಲೆ ಬರೆದು ಗೋಡೆಗೆ ನೇತುಹಾಕುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಯಾರಾದರೂ ಮೇಲ್ ಒಳಗೆ ಹೊಕ್ಕಿದ್ದಾರೆ ಅನ್ನಿಸಿದರೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಫಾರ್ವರ್ಡಿಂಗ್ ಸೆಟ್ಟಿಂಗ್ ನೋಡಿ. ಅಲ್ಲಿ ಬೇರೆ ವಿಳಾಸ ಸೇರಿಸಿಟ್ಟಿದ್ದರೆ ಪಾಸ್‌ವರ್ಡ್ ಬದಲಾದ ಮೇಲೂ ನಮ್ಮ ಮೇಲ್‌ನ ಪ್ರತಿ ಅವನಿಗೆ ಹೋಗುತ್ತಲೇ ಇರುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಥಂಡರ್‌ಬರ್ಡ್‌ನಂಥ ಪ್ರೋಗ್ರಾಂಗಳ ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ಬಳಸುವವರು ಯಾರು ಬೇಕಾದರೂ ದೋಷ ತೋರಿಸಿ ಸಲಹೆ ಬರೆಯಬಹುದು. ನನಗೆ ಇಂಗ್ಲಿಷ್‌ನಲ್ಲಿ ಅಷ್ಟು ಬರೆಯಲು ಬರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಯಾರಾದರೂ ಇಬ್ಬರು ಗಂಜಿಗೆ ಬನ್ನಿ. ಒಂದೊಂದು ಅಂಗಡಿಯಲ್ಲಿ ಹತ್ತು ನಿಮಿಷ ಕೂತು, ನಮ್ಮ ಕಂಪ್ಯೂಟರನ್ನು ಎಷ್ಟು ಜನ, ಹೇಗೆ ಬಳಸುತ್ತಾರೆ ನೋಡಿ. ನಾನು ಹೇಳುತ್ತೇನೆ, ನೀವು ಬರೆದು ಕಳಿಸಿ. ಆ ಹುಡುಗನೂ ಬರುತ್ತೇನೆ ಅಂದಿದ್ದಾನೆ.

ಇಂತಿ,
ನಿಮ್ಮ ಓದುಗ,
ನೆಹರು ಗಂಜ್, ಕಲಬುರಗಿ