ಅಲಾರಂ ಮ್ಯೂಟ್ ಮಾಡುವುದಕ್ಕೂ ಗಡುವಿರಲಿ

ಸಂಪಾದಕರಿಗೆ,

ಮಾನ್ಯರೇ,

ಬಿಸಿಲೇರಿ ಸಂಜೆಗೆ ಗುಡುಗು ಮಿಂಚಾಗುವ ದಿನಗಳಲ್ಲಿ ನಮ್ಮ ಭಾಗದ ರೇಡಿಯೊ ಕೆಲವೊಮ್ಮೆ ಗಂಟೆಗಟ್ಟಲೆ ಮೌನವಾಗಿ, ಕೇಳುಗರು ಫೋನ್ ಮಾಡಿದ ಮೇಲಷ್ಟೇ ಸಿಬ್ಬಂದಿಗೆ ತಿಳಿಯುವುದುಂಟು. ಪಾಳಿಯ ಮೇಲೆ ಮನುಷ್ಯರಿರುತ್ತಿದ್ದ ಟ್ರಾನ್ಸ್‌ಮಿಟರ್ ಕೋಣೆಗಳಿಗೆ ಈಗ ಹಲವೆಡೆ ಬೀಗ ಬಿದ್ದಿದೆ. ಅಲ್ಲಿನ ಕಷ್ಟಸುಖವನ್ನು ದೂರನಿಯಂತ್ರಣ ವ್ಯವಸ್ಥೆಯೇ ಮೊಬೈಲಿಗೆ ತಿಳಿಸಬೇಕು. ಅದು ತಿಳಿಸದಿರಲು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ನಾವೇ ಅಲಾರಂ ಮ್ಯೂಟ್ ಮಾಡಿಟ್ಟಿರುವುದು ಕಾರಣವೆಂದು ಅನುಭವದಿಂದ ಹೇಳುತ್ತಿದ್ದೇನೆ. ಆಂಟೆನಾ ಕೇಬಲ್ ದುರಸ್ತಿಗೆಂದು ಒಮ್ಮೆ ನಾನೇ ಎಲ್ಲ ಅಲಾರಂಗಳನ್ನೂ ಮುಚ್ಚಿ, ಕೆಲಸ ಮುಗಿದ ಮೇಲೆ ತೆರೆಯಲು ಮರೆತು ಮನೆಗೆ ಹೋಗಿದ್ದೆ.

ಮ್ಯೂಟ್ ಬೇಡವೆನ್ನಲಾಗದು. ಸ್ಟ್ಯಾಂಡ್‌ಬೈನಲ್ಲಿ ಸುಮ್ಮನಿರುವ ಟ್ರಾನ್ಸ್‌ಮಿಟರಿನ ಫಾರ್ವರ್ಡ್ ಪವರ್ (ಆಂಟೆನಾ ಕಡೆಗೆ ಹೋಗುವ ಶಕ್ತಿ) ಸೊನ್ನೆಯಿರುವುದು ಸಹಜವಾದರೂ ವ್ಯವಸ್ಥೆ ಅದನ್ನು ದೋಷವೆಂದೇ ತಿಳಿದು ರಾತ್ರಿಯಿಡೀ ಸಂದೇಶ ಕಳುಹಿಸುತ್ತದೆ, ನಾಲ್ಕು ದಿನ ನಿದ್ದೆಗೆಟ್ಟವನು ಐದನೆಯ ದಿನ ನಿಜವಾದ ಸಂದೇಶವನ್ನೂ ನೋಡುವುದಿಲ್ಲ. ಆದ್ದರಿಂದ ಮ್ಯೂಟ್ ಅನ್ನು ಕೈಯಿಂದ ಒತ್ತುವ ಬದಲು ಸ್ಥಿತಿಗೆ ಕಟ್ಟಬೇಕು: ಆ ಟ್ರಾನ್ಸ್‌ಮಿಟರ್ ಆಂಟೆನಾಗೆ ಜೋಡಣೆಯಾಗಿಲ್ಲದಾಗ ಅಥವಾ ನಾವೇ ಆಜ್ಞೆ ಕೊಟ್ಟು ಆರಿಸಿದಾಗ ಮಾತ್ರ ಅದರ ಕನಿಷ್ಠ ಮಿತಿಯ ಅಲಾರಂ (ಅಳತೆ ಮಿತಿಗಿಂತ ಕೆಳಗಿಳಿದಾಗ ಬರುವುದು) ತಾನಾಗಿ ಸುಮ್ಮನಾಗಲಿ. ಮತ್ತೆ ಹೊತ್ತಿಸಿದಾಗ ಅಳತೆ ಸ್ಥಿರವಾಗುವವರೆಗೆ ಅರ್ಧ ನಿಮಿಷ ಕಾದು ಎಚ್ಚರವಾಗಲಿ. ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವ ಹೊತ್ತಿಗೂ ಇಷ್ಟೇ ತಾಳ್ಮೆ ಸಾಕು. ರಿಫ್ಲೆಕ್ಟೆಡ್ ಪವರಿನ (ಆಂಟೆನಾದಿಂದ ಹಿಂದಿರುಗುವ ಶಕ್ತಿಯ) ಗರಿಷ್ಠ ಮಿತಿಯ ಅಲಾರಮನ್ನಂತೂ ಮುಟ್ಟುವ ಅಗತ್ಯವೇ ಇಲ್ಲ, ಏಕೆಂದರೆ ಆರಿದ ಟ್ರಾನ್ಸ್‌ಮಿಟರಿನಲ್ಲಿ ಆ ಅಳತೆಯೂ ಸೊನ್ನೆಯಾಗಿರುವುದರಿಂದ ಸುಳ್ಳು ಅಲಾರಂ ಹುಟ್ಟುವುದಿಲ್ಲ. ಇಷ್ಟು ಸರಳ ಸಂಗತಿಯನ್ನು ಮರೆತು ಎಲ್ಲ ಅಳತೆಗಳ ಅಲಾರಂಗಳನ್ನೂ ಒಂದೇ ಮ್ಯೂಟ್ ಗುಂಡಿಗೆ ಕಟ್ಟಿರುವುದನ್ನು ಕಂಡಿದ್ದೇನೆ.

ವಿಮಾನಗಳಿಗೆ ಎಚ್ಚರಿಕೆ ಕೊಡಲು ಆಂಟೆನಾ ಗೋಪುರದ ಮೇಲಿರುವ ಕೆಂಪು ದೀಪಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಹಗಲಿನಲ್ಲಿ ದೀಪ ಉರಿಯದಿರುವುದರಿಂದ ಅದರ ಅಲಾರಂ ಅನ್ನು ಬೆಳಕು ಗುರುತಿಸುವ ಫೋಟೊಸೆಲ್ ಸಂಕೇತದಿಂದ ಮ್ಯೂಟ್ ಮಾಡುತ್ತಾರೆ; ಆದರೆ ಆ ಫೋಟೊಸೆಲ್ಲೇ ಕೆಟ್ಟು ರಾತ್ರಿಯನ್ನು ಹಗಲೆಂದರೆ ದೀಪವೂ ಹೊತ್ತುವುದಿಲ್ಲ, ಅಲಾರಮೂ ಬರುವುದಿಲ್ಲ. ಕಲಬುರಗಿಯಲ್ಲಿ ವರ್ಷದ ಯಾವ ದಿನವಾದರೂ ಸಂಜೆ 7.30ಕ್ಕೆ ಕತ್ತಲಾಗಿರುವುದರಿಂದ, ಆ ಹೊತ್ತಿನ ನಂತರ ಫೋಟೊಸೆಲ್ ಏನೇ ಹೇಳಿದರೂ ಮ್ಯೂಟ್ ತೆರೆಯುವಂತೆ ಗಡಿಯಾರವನ್ನೂ ಪ್ರೋಗ್ರಾಮಿನಲ್ಲಿ ಸೇರಿಸಬೇಕು. 2019ರ ನವೆಂಬರಿನಿಂದ ಇಲ್ಲಿ ವಿಮಾನ ನಿಲ್ದಾಣವಿದೆ, ಬೀದರಿನಲ್ಲಿ ವಾಯುನೆಲೆಯಿದೆ ಎಂಬುದನ್ನು ನೆನಪಿಸಬೇಕಾಗಿಲ್ಲ.

ದುರಸ್ತಿಗೆಂದು ಕೈಯಿಂದ ಹಾಕುವ ಮ್ಯೂಟ್ ಎರಡು ಗಂಟೆಗಳಾದ ಮೇಲೆ ತಾನಾಗಿ ತೆರವಾಗಬೇಕು, ಕೆಲಸ ಉಳಿದಿದ್ದರೆ ಮತ್ತೊಮ್ಮೆ ಹಾಕಿದರಾಯಿತು. ಮ್ಯೂಟ್ ಇದ್ದಾಗಲೂ ಘಟನೆಗಳು ದಾಖಲೆಯಲ್ಲಿ ಬರೆಯಲ್ಪಡುತ್ತಿರಬೇಕು. ತಡೆಯಬೇಕಾದದ್ದು ಫೋನ್ ಕರೆಯನ್ನೇ ಹೊರತು ದಾಖಲೆಯನ್ನಲ್ಲ. ಇದಕ್ಕೆ ಹೊಸ ಉಪಕರಣ ಕೊಳ್ಳಬೇಕಿಲ್ಲ, ಪ್ರೋಗ್ರಾಂ ಬದಲಿಸಲು ಅರ್ಧ ದಿನ ಸಾಕು. ಈ ಭಾಗದ ಪ್ರಸಾರ ಕೇಂದ್ರಗಳ ತಾಂತ್ರಿಕ ಅಧಿಕಾರಿಗಳು ಮುಂದಿನ ಬೇಸಿಗೆಯೊಳಗೆ ತಮ್ಮ ತಮ್ಮ ಮ್ಯೂಟ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಪ್ರಸಾರ ತಂತ್ರಜ್ಞ, ಕಲಬುರಗಿ