ಬಿಡುಗಡೆಯ ವೇಳೆ ವಿವರಣೆಯೂ ಸಿಗಲಿ

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗಳಿಂದ ಮನೆಗೆ ಹೊರಡುವ ರೋಗಿಗಳಿಗೆ ಔಷಧದ ಚೀಟಿ ಸಿಗುತ್ತದೆಯೇ ಹೊರತು, ಅದನ್ನು ತಿಳಿಯುವಂತೆ ವಿವರಿಸುವವರು ಸಿಗುವುದು ಅಪರೂಪ. ತಲೆಸುತ್ತು ನಿಂತಿತೆಂದು ರಕ್ತದೊತ್ತಡದ ಮಾತ್ರೆ ಬಿಡುವವರು, ಇನ್ಸುಲಿನ್ ಚುಚ್ಚಿಕೊಂಡು ಊಟ ತಡಮಾಡುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ವೈದ್ಯರನ್ನು ಕೇಳಲು ಅಂಜುವ ಇಂಥವರು ಸಂದೇಹಗಳನ್ನು ಹೇಳಿಕೊಳ್ಳುವುದು ಹಗಲಿರುಳು ಜೊತೆಗಿರುವ ಶುಶ್ರೂಷಕಿಯರ ಬಳಿಯೇ. ರೋಗಿಯೊಂದಿಗಿನ ಸಂವಹನವು ನರ್ಸಿಂಗ್ ಪಠ್ಯದಲ್ಲೇ ಇದೆ. ಆದರೆ ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಎಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಪಾಲನೆಯಾಗದ ವಾರ್ಡಿನಲ್ಲಿ, ಡ್ರಿಪ್ ಬದಲಿಸಿ ರಿಜಿಸ್ಟರ್ ತುಂಬುವಷ್ಟರಲ್ಲೇ ಪಾಳಿ ಮುಗಿಯುವಾಗ, ಅವರ ಮಾತಿನಲ್ಲಿ ಸಿಡುಕು ಕಂಡರೆ ಅವರನ್ನಷ್ಟೇ ದೂರಲಾಗದು. ಬಿಡುಗಡೆಯ ವೇಳೆ ಔಷಧದ ಕ್ರಮವನ್ನು ರೋಗಿಯ ಭಾಷೆಯಲ್ಲೇ ವಿವರಿಸಿ, ಅವರ ಬಾಯಿಂದ ಮರಳಿ ಹೇಳಿಸುವುದನ್ನು ಆರೋಗ್ಯ ಇಲಾಖೆಯು ಶುಶ್ರೂಷಕರ ಅಧಿಕೃತ ಕರ್ತವ್ಯವಾಗಿ ನಿಗದಿಪಡಿಸಿ, ಅದಕ್ಕೆ ಬೇಕಾದಷ್ಟು ಸಿಬ್ಬಂದಿಯನ್ನೂ ಒದಗಿಸಲಿ.

– ಓದುಗರೊಬ್ಬರು, ಶಿವಮೊಗ್ಗ