ಸೋಮಾ ನೊಮಾಓಯಿಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕುದುರೆ ಸವಾರರ ಹಬ್ಬವಾದ ಸೋಮಾ ನೊಮಾಓಯಿ ನೋಡಲು ಟೋಕಿಯೋದಿಂದ ಫುಕುಶಿಮಾದ ಮಿನಾಮಿಸೋಮಾಗೆ ಹೊರಟಿರುವ ನಮ್ಮ ಹದಿನಾಲ್ಕು ಜನರಿಗೆ ಈ ಸೂಚನೆ. ಸಮುರಾಯ್ ಕವಚ ತೊಟ್ಟ ಸವಾರರ ಮುಖ್ಯ ಮೆರವಣಿಗೆ ಮೇ 25, ಭಾನುವಾರ ಬೆಳಿಗ್ಗೆ. ಅವತ್ತೇ ಹೊರಟರೆ ಸಿಗುವುದಿಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನವೇ ಉಎನೋದಿಂದ ಹಿತಾಚಿ ರೈಲು ಹತ್ತಿ ಹರಾನೊಮಾಚಿಯಲ್ಲಿ ಇಳಿಯೋಣ. ಎಲ್ಲಾ ಸೀಟೂ ರಿಸರ್ವೇಶನ್, ತಡ ಮಾಡಬೇಡಿ.

ಎರಡು ಮಾತು ಮಕ್ಕಳಿಗೂ ಹೇಳಿಡಿ. ಮೆರವಣಿಗೆಯನ್ನು ಅಡ್ಡ ದಾಟಬಾರದು. ಮಹಡಿ, ಮೇಲ್ಸೇತುವೆಯಿಂದ ಕೆಳಗೆ ನೋಡಬಾರದು, ಅಲ್ಲಿ ಅದು ಅಗೌರವ. ನಮ್ಮೂರ ತೇರಿಗೆ ಇರುವಷ್ಟೇ ಭಕ್ತಿ ಅವರಿಗೆ ಇದರ ಮೇಲಿದೆ.

ಸಾಧ್ಯವಾದರೆ ಮೊದಲು ಉಎನೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಕವಚವನ್ನು ಹತ್ತಿರದಿಂದ ನೋಡಿ ಬನ್ನಿ. ದೂರಕ್ಕೆ ಒಂದೇ ತಗಡಿನಂತೆ ಕಾಣುವುದು ಎಷ್ಟೋ ಕವಚಗಳಲ್ಲಿ ಕಬ್ಬಿಣ ಅಥವಾ ಹಸಿ ಚರ್ಮದ ಸಣ್ಣ ಸಣ್ಣ ಬಿಲ್ಲೆಗಳು. ಪ್ರತಿ ಬಿಲ್ಲೆಗೂ ತೂತು. ಉರುಶಿ ಮರದ ಸೊನೆ ಬಳಿದು, ರೇಷ್ಮೆ ಹುರಿಯಿಂದ ಸಾಲು ಸಾಲಾಗಿ ಹೆಣೆದಿರುತ್ತಾರೆ. ಸೊನೆಯಿಂದ ತುಕ್ಕು ಹಿಡಿಯಲ್ಲ, ಹುರಿಯಿಂದಾಗಿ ಕವಚ ಮೈ ಜೊತೆ ಬಾಗುತ್ತದೆ. ನಾನಂತೂ ಒಂದು ತೋಳಿನ ಮುಂದೆಯೇ ಅರ್ಧ ಗಂಟೆ ನಿಂತಿದ್ದೆ. ಇಂಥದ್ದನ್ನೇ ತೊಟ್ಟು, ಶಿರಸ್ತ್ರಾಣ ತೆಗೆದು ಬಿಳಿ ಪಟ್ಟಿ ಕಟ್ಟಿ, ಮಧ್ಯಾಹ್ನ 1000 ಮೀಟರ್ ಕುದುರೆ ಓಡಿಸುತ್ತಾರೆ! ಆಮೇಲೆ ಆಕಾಶಕ್ಕೆ ಹಾರಿಸಿದ ಬಾವುಟಗಳಿಗೆ ಪೈಪೋಟಿ.

ಟೋಪಿ, ನೀರು ತನ್ನಿ. ಬಯಲಲ್ಲಿ ಬಿಸಿಲು ಜಾಸ್ತಿ. ಎಷ್ಟು ಜನ, ಮಕ್ಕಳೆಷ್ಟು, ರಾತ್ರಿ ಉಳಿಯಲು ರೂಮ್ ಬೇಕಾ ಅಂತ ಬುಧವಾರದೊಳಗೆ ಇಲ್ಲೇ ಬರೆಯಿರಿ. ಬರಲಾಗದವರೂ ದಯವಿಟ್ಟು ತಿಳಿಸಿ.